ಉಳಿತಾಯವೆಂಬ ಹೆಸರಿನಲ್ಲಿ

ನಮ್ಮದು ಕಡಬ. ಮಂಗಳೂರಿನ ಕಡೆಯ ಕಡಬವಲ್ಲ, ಗುಬ್ಬಿ ತಾಲ್ಲೂಕಿನ ಕೆರೆಯ ಕಡಬ. ನಮ್ಮ ನಡುಮನೆಯಲ್ಲಿ ಒಂದು ಪುಟ್ಟ ಕಂಪ್ಯೂಟರು ಇದೆ. ಹತ್ತಿಂಚಿನ ಪರದೆ, ಬಿಚ್ಚಿದ ನೋಟ್‌ಪುಸ್ತಕದಷ್ಟು ಅಗಲ. ಮಗಳು ಕಾಲೇಜು ಸೇರಿದಾಗ ಕೊಂಡದ್ದು. ಆಗ ಇವಕ್ಕೆ ‘ನೆಟ್‌ಬುಕ್’ ಎಂದು ಹೆಸರು. ಮಗಳು ಮದುವೆಯಾಗಿ ಹೋದಳು, ನೆಟ್‌ಬುಕ್ ಮಾತ್ರ ತವರಿನಲ್ಲೇ ಉಳಿಯಿತು.

ಕೆಟ್ಟಿಲ್ಲದ ವಸ್ತುವನ್ನು ಗುಜರಿಗೆ ಹಾಕಲು ನನಗೆ ಮನಸ್ಸು ಬಾರದು. ಬೆಂಗಳೂರಿನಲ್ಲಿರುವ ಅಣ್ಣನ ಮಗ ಹಬ್ಬಕ್ಕೆ ಬಂದಾಗ ಅದಕ್ಕೆ ಡೆಬಿಯನ್ 12 ಎಂಬ ಲಿನಕ್ಸ್ ಹಾಕಿಕೊಟ್ಟ. (2025ರಲ್ಲಿ ಬಂದ 13ನೆಯದು ಇಂಥ 32 ಬಿಟ್‌ ಯಂತ್ರಗಳನ್ನು ಕೈಬಿಟ್ಟಿದೆ. ಹಳಬರ ಪಾಡು ಎಲ್ಲ ಕಡೆಯೂ ಅಷ್ಟೇ ಅನ್ನಿ.) ಹೊರಡುವ ಮುಂಚೆ, “ಅತ್ತೆ, ಇದನ್ನ ‘ಪವರ್‌ಸೇವ್’ನಲ್ಲಿ ಇಟ್ಟಿದೀನಿ. ನನ್ನ ಲ್ಯಾಪ್‌ಟಾಪ್‌ನಲ್ಲೂ ಅದೇ ಇರೋದು. ಬ್ಯಾಟರಿ ಉಳಿಯುತ್ತೆ” ಎಂದ. ಉಳಿಯುತ್ತದೆ ಎಂದರೆ ಬೇಡವೆನ್ನುವ ಹೆಂಗಸು ಯಾರಿದ್ದಾರೆ?

ಸಂಜೆ ನಮ್ಮ ಬೀದಿಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅದರಲ್ಲಿ ಕನ್ನಡ ಟೈಪು ಕಲಿಯಲು ಬರುತ್ತಿದ್ದಳು. ಅವಳು ಒತ್ತಿದ ಅಕ್ಷರ ಪರದೆಯ ಮೇಲೆ ಮೂಡುವಷ್ಟರಲ್ಲಿ ಬೆರಳು ಮುಂದಿನ ಪದಕ್ಕೆ ಹೋಗಿರುತ್ತಿತ್ತು. ಒತ್ತಕ್ಷರ ಬರಲಿಲ್ಲವೆಂದು ಮತ್ತೆ ಒತ್ತುವಳು, ಎರಡೂ ಒಟ್ಟಿಗೆ ಬಂದು ಪದ ಕೆಡುವುದು. ವಾರ ಕಳೆಯುವುದರೊಳಗೆ ಅವಳೇ ಹೇಳಿದಳು: “ನನ್ ಕೈಯೇ ನಿಧಾನ ಮಿಸ್. ನಂಗೆ ಇದು ಬರಲ್ಲ.”

ಮಕ್ಕಳ ನಡುವೆಯೇ ಕೂದಲು ನರೆತವಳು ನಾನು. ‘ನಾನು ಮಂದ’ ಎಂದು ಮಗು ಒಮ್ಮೆ ನಂಬಿಬಿಟ್ಟರೆ ಅದನ್ನು ಅಳಿಸಲು ಎಷ್ಟು ವರ್ಷ ಬೇಕೆಂದು ಬಲ್ಲೆ. ಆ ರಾತ್ರಿ ಅಣ್ಣನ ಮಗನಿಗೆ ಫೋನು ಮಾಡಿ, ಅವನು ಹೇಳಿದಂತೆ ಒಂದೊಂದೇ ಸಾಲು ಒತ್ತಿ ನೋಡಿದೆ. ಯಂತ್ರದ ಮಿದುಳಾದ ಪ್ರೊಸೆಸರು 1600 ಮೆಗಾಹರ್ಟ್ಸ್ ವೇಗದಲ್ಲಿ ಓಡಬಲ್ಲದು. ಆದರೆ ಓಡುತ್ತಿದ್ದುದು 800ರಲ್ಲಿ, ಸರಿಯಾಗಿ ಅರ್ಧ. ಎಷ್ಟೇ ಕೆಲಸ ಕೊಟ್ಟರೂ ಮೇಲೇರಲಿಲ್ಲ. ನಿಧಾನ ಹುಡುಗಿಯದಲ್ಲ, ನಾವು ಕಟ್ಟಿಹಾಕಿದ ಯಂತ್ರದ್ದು.

ಹಾಗಾದರೆ ಅವನ ಲ್ಯಾಪ್‌ಟಾಪ್ ಅದೇ ‘ಪವರ್‌ಸೇವ್’ನಲ್ಲಿ ಚುರುಕಾಗಿರುವುದು ಹೇಗೆ? ನನ್ನ ತಕರಾರು ಇರುವುದು ಇಲ್ಲೇ. ಪ್ರೊಸೆಸರು ಯಾವ ವೇಗದಲ್ಲಿ ಓಡಬೇಕೆಂದು ತೀರ್ಮಾನಿಸುವ ಲಿನಕ್ಸ್‌ನ ಭಾಗಕ್ಕೆ ‘ಗವರ್ನರ್’ ಎನ್ನುತ್ತಾರೆ. ಹಳೆಯ ನೆಟ್‌ಬುಕ್ಕುಗಳಲ್ಲಿ ‘ಪವರ್‌ಸೇವ್’ ಎಂದರೆ ಅತಿ ಕಡಿಮೆ ವೇಗಕ್ಕೆ ಇಳಿಸಿ ಬೀಗ ಹಾಕುವುದು. 2013ರಲ್ಲಿ ಇಂಟೆಲ್‌ನ ಹೊಸ ಪ್ರೊಸೆಸರುಗಳಿಗೆಂದು ಬೇರೆಯೇ ಏರ್ಪಾಡು ಬಂತು. ಅದರಲ್ಲಿ ಅದೇ ‘ಪವರ್‌ಸೇವ್’ ಕೆಲಸ ನೋಡಿಕೊಂಡು ವೇಗವನ್ನು ಏರಿಸಿ ಇಳಿಸುತ್ತದೆ. ಹೆಸರು ಒಂದೇ, ನಡತೆ ಎರಡು! ಮಾತ್ರೆಯ ಚೀಟಿಯಲ್ಲಿ ಹೀಗಾಗಿದ್ದರೆ ನಾವು ಸುಮ್ಮನಿರುತ್ತಿದ್ದೆವೆ? ಹೊಸ ಯಂತ್ರದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಬುದ್ಧಿಮಾತು ಹಳೆಯದರ ಕಾಲಿಗೆ ಹಗ್ಗವಾಗುತ್ತದೆ. ಆಮೇಲೆ ‘ಹಳೇದು, ಸತ್ತುಹೋಯ್ತು’ ಎಂದು ಅಟ್ಟ ಹತ್ತಿಸುತ್ತೇವೆ.

ಉಳಿತಾಯವಾದರೂ ನಿಜವೆ? ವೇಗ ಅರ್ಧವಾದರೆ ಆ ಕ್ಷಣದ ಖರ್ಚು ತಗ್ಗುತ್ತದೆ, ಆದರೆ ಅದೇ ಕೆಲಸಕ್ಕೆ ಹೊತ್ತು ಎರಡರಷ್ಟಾಗುತ್ತದೆ. ನಿಜವಾದ ಲಾಭ ಬರುವುದು ವೇಗದ ಜೊತೆಗೆ ವೋಲ್ಟೇಜೂ ಇಳಿದಾಗ. ಖರ್ಚು ವೋಲ್ಟೇಜಿನ ವರ್ಗಕ್ಕೆ ಅನುಗುಣವಾದ್ದರಿಂದ ಹತ್ತರಲ್ಲಿ ಒಂದು ಪಾಲು ಇಳಿಸಿದರೂ ನೂರಕ್ಕೆ 19ರಷ್ಟು ಉಳಿಯುತ್ತದೆ. ಈ ಯಂತ್ರಗಳು ವೋಲ್ಟೇಜನ್ನೂ ಇಳಿಸುತ್ತವೆ, ಅಷ್ಟರ ಮಟ್ಟಿಗೆ ಲಾಭವುಂಟು. ಆದರೆ ನಮ್ಮ ನೆಟ್‌ಬುಕ್ಕಿನ ಆಟಂ ಎನ್270 ಪ್ರೊಸೆಸರು ಉಣ್ಣುವುದೇ ಹೆಚ್ಚೆಂದರೆ ಎರಡೂವರೆ ವ್ಯಾಟಿನಷ್ಟು. ಪಕ್ಕದ ಚಿಪ್‌ಸೆಟ್ಟು, ಪರದೆ ಅದಕ್ಕಿಂತ ಹೊಟ್ಟೆಬಾಕ. ಕೆಲಸ ಎಳೆದಷ್ಟೂ ಅವು ಉರಿಯುತ್ತಲೇ ಇರುತ್ತವೆ. ಒಲೆಯನ್ನು ಸಣ್ಣಗಿಟ್ಟು ಮೂರು ಗಂಟೆ ಬೇಳೆ ಬೇಯಿಸಿ ಗ್ಯಾಸು ಉಳಿಸಿದೆ ಎಂದರೆ ಯಾವ ಗೃಹಿಣಿ ಒಪ್ಪುತ್ತಾಳೆ? ಕುಕ್ಕರು ಕೂಗಿಸಿ ಒಲೆ ಆರಿಸುವುದೇ ಜಾಣತನ. ಪ್ರೊಸೆಸರಿಗೂ ಹಾಗೆಯೇ: ಬೇಗ ಮುಗಿಸಿ ಗಾಢ ನಿದ್ದೆಗೆ ಹೋಗುವುದು ಎಷ್ಟೋ ಸಲ ಮೇಲು.

‘ಪವರ್‌ಸೇವ್’ ಎಲ್ಲಿಯೂ ಬೇಡವೆಂದಲ್ಲ. ಕರೆಂಟು ಹೋಗಿ ಬ್ಯಾಟರಿ ತಳ ಕಂಡಾಗ, ಸುಮ್ಮನೆ ಓದುತ್ತ ಕುಳಿತಾಗ, ಬೇಸಿಗೆಯಲ್ಲಿ ಯಂತ್ರ ಕಾದಾಗ ಅದು ಸರಿಯೇ. ನಿತ್ಯದ ಬಳಕೆಗೆ ‘ಆನ್‌ಡಿಮ್ಯಾಂಡ್’ ಎಂಬ ಗವರ್ನರ್ ವಾಸಿ. 2004ರಲ್ಲಿ ಲಿನಕ್ಸಿಗೆ ಸೇರಿದ್ದು. ವೆಂಕಟೇಶ್ ಪಲ್ಲಿಪಾಡಿ, ಅಲೆಕ್ಸಿ ಸ್ಟಾರಿಕೋವ್‌ಸ್ಕಿ ಇಬ್ಬರೂ 2006ರ ಒಟ್ಟಾವ ಲಿನಕ್ಸ್ ಸಮ್ಮೇಳನದ ಪ್ರಬಂಧದಲ್ಲಿ ಅದನ್ನು ವಿವರಿಸಿದ್ದಾರೆ. ಕೆಲಸ ಬಂದೊಡನೆ ವೇಗ ಏರುತ್ತದೆ, ಮುಗಿದೊಡನೆ ಇಳಿಯುತ್ತದೆ. ಆಗಾಗ ನೋಡಿ ತೀರ್ಮಾನಿಸುವುದರಿಂದ ಒಂದು ಗಳಿಗೆ ತಡವರಿಸುವುದೂ ಉಂಟು. ಆದರೂ ಅದರ ಹೆಸರಿಗೂ ಕೆಲಸಕ್ಕೂ ಹೊಂದಾಣಿಕೆಯಿದೆ. ‘ಪವರ್‌ಸೇವ್’ಗೆ ‘ಕನಿಷ್ಠ ವೇಗ’ ಎಂದು ನೇರವಾಗಿ ಹೆಸರಿಟ್ಟಿದ್ದರೆ ನಾನೂ ಮೋಸಹೋಗುತ್ತಿರಲಿಲ್ಲ.

ನೆಟ್‌ಬುಕ್ಕುಗಳ ಹಣೆಬರಹವೂ ಹಾಗೆಯೇ ಇತ್ತೇನೊ. 2007ರಲ್ಲಿ ಲಿನಕ್ಸ್ ಸಮೇತ ಬಂದ ಏಸುಸ್ ಈಇಇ ಪಿಸಿ 701ರ ಪ್ರೊಸೆಸರು 900 ಮೆಗಾಹರ್ಟ್ಸ್‌ನದು. ಅದನ್ನು 630ಕ್ಕೆ ಇಳಿಸಿಯೇ ಮಾರಿದರು. ಕೊಂಡವರು ಯಂತ್ರವನ್ನೇ ಬೈದರು.

ಮರುದಿನ ಸಂಜೆ ‘ಆನ್‌ಡಿಮ್ಯಾಂಡ್’ ಹಾಕಿಟ್ಟು ಹುಡುಗಿಯನ್ನು ಕೂರಿಸಿದೆ. ಹೊಸ ಯಂತ್ರದಂತೆ ಹಾರಲಿಲ್ಲ, ಆದರೆ ಅಕ್ಷರಗಳು ಬೆರಳಿನ ಹಿಂದೆಯೇ ಬಂದವು. “ಇವತ್ತು ನನ್ ಕೈ ಓಡ್ತಿದೆ ಮಿಸ್” ಎಂದಳು. “ನಿನ್ನ ಕೈ ಮೊದಲಿಂದಲೂ ಓಡ್ತಿತ್ತು ಕಣೆ, ತಪ್ಪು ನಮ್ಮದು” ಎಂದು ಅವಳಿಗೆ 800, 1600ರ ಲೆಕ್ಕವನ್ನು ತೋರಿಸಿದೆ. ಅವಳಿಗೆ ಅದು ಗೊತ್ತಾಗಲೇಬೇಕಿತ್ತು.