ಮಕ್ಕಳ ಅದ್ಭುತ ಕಾದಂಬರಿಗೆ ವಿಮರ್ಶಕನೆಲ್ಲಿ?

ಗ್ರಂಥಕರ್ತನೇ ಪ್ರಕಾಶಕನಾಗುವುದು ಕನ್ನಡಕ್ಕೆ ಹೊಸದಲ್ಲ. ಗಳಗನಾಥರು (1869–1942) ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಜಿ. ಪಿ. ರಾಜರತ್ನಂ ಅವರು ತಮ್ಮ ಕೃತಿಗಳಿಗೆ ತಾವೇ ಪ್ರಕಾಶಕರೂ ಮಾರಾಟಗಾರರೂ ಆಗಿದ್ದರು. ಇಂಗ್ಲೆಂಡಿನಲ್ಲಿ ಬಿಯಾಟ್ರಿಕ್ಸ್ ಪಾಟರ್, ಪೀಟರ್ ಎಂಬ ಮೊಲದ ಕಥೆಯನ್ನು 1901ರಲ್ಲಿ ಸ್ವಂತ ಖರ್ಚಿನಿಂದ 250 ಪ್ರತಿಗಳಷ್ಟು ಅಚ್ಚು ಹಾಕಿಸಿದ ಮೇಲೆಯೇ ಪ್ರಕಾಶಕರು ಅದನ್ನು 1902ರಲ್ಲಿ ಹೊರತಂದರು. ಆದುದರಿಂದ ಸ್ವಂತ ಪ್ರಕಾಶನವೆಂಬ ಒಂದೇ ಕಾರಣಕ್ಕೆ ಯಾವ ಪುಸ್ತಕವನ್ನೂ ಕೀಳೆಣಿಸುವುದು ತರವಲ್ಲ. ಆದರೆ ಪ್ರಕಾಶನಸಂಸ್ಥೆಯ ಮೂಲಕ ಬರುವ ಪುಸ್ತಕಕ್ಕೆ ಅಚ್ಚಿಗೆ ಮುನ್ನವೇ ಒಬ್ಬ ಅಪರಿಚಿತ ಓದುಗನಾದರೂ ದೊರೆತಿರುತ್ತಾನೆ. ಸ್ವಂತ ಪ್ರಕಾಶನಕ್ಕೆ ಆ ಓದುಗನು ಇಲ್ಲ. ಈ ಕೊರತೆಯನ್ನು ತುಂಬಬೇಕಾದವನು ವಿಮರ್ಶಕ. ಅವನನ್ನು ಎಲ್ಲಿ ಹುಡುಕಬೇಕು, ಎಂಥವನನ್ನು ಹುಡುಕಬೇಕು ಎಂಬುದೇ ಇಲ್ಲಿ ನಮ್ಮ ವಿಚಾರ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂಥ ಊರುಗಳಲ್ಲಿ ಮಕ್ಕಳಿಗಾಗಿ ಒಂದು ಅದ್ಭುತ ಕಾದಂಬರಿಯನ್ನು ಬರೆದು ಅಚ್ಚು ಹಾಕಿಸಿದ ಲೇಖಕನ ದಾರಿಯನ್ನು ನಾವು ಊಹಿಸಿಕೊಳ್ಳಬಹುದು. ಹಿರಿಯರೊಬ್ಬರ ಮುನ್ನುಡಿ, ಮಿತ್ರರೊಬ್ಬರ ಬೆನ್ನುಡಿ, ಬಿಡುಗಡೆಯ ದಿನ ನಾಲ್ಕು ಭಾಷಣ. ಪತ್ರಿಕೆಗಳಿಗೆ ಎರಡೆರಡು ಪ್ರತಿ ಕಳುಹಿಸಿದರೆ ಸಾದರ ಸ್ವೀಕಾರದ ಪಟ್ಟಿಯಲ್ಲಿ ಒಂದು ಸಾಲು. ಇವುಗಳಲ್ಲಿ ಯಾವುದೂ ವಿಮರ್ಶೆಯಲ್ಲ. ಮುನ್ನುಡಿಕಾರನು ಪುಸ್ತಕದ ಮನೆಗೆ ಬಂದ ಅತಿಥಿ. ಅತಿಥಿಯು ಅಡಿಗೆಯ ದೋಷವನ್ನು ಎತ್ತಿ ಆಡುವುದಿಲ್ಲ. ಮಕ್ಕಳ ಅದ್ಭುತ ಕಾದಂಬರಿಗಂತೂ ಇನ್ನೊಂದು ಕಷ್ಟವುಂಟು. ಕಾದಂಬರಿಯ ವಿಮರ್ಶಕರು ಇದು ಮಕ್ಕಳಾಟಿಕೆಯೆಂದು ಬಿಡುತ್ತಾರೆ. ಮಕ್ಕಳ ಸಾಹಿತ್ಯದ ಹಿತೈಷಿಗಳು ನೀತಿ ಎಲ್ಲಿದೆ ಎಂದು ಹುಡುಕುತ್ತಾರೆ. ಕಥೆ ಕಥೆಯಾಗಿ ನಿಂತಿದೆಯೇ ಎಂದು ಕೇಳುವವರು ವಿರಳ.

ಹತ್ತನೆಯ ಶತಮಾನದ ಆದಿಭಾಗದ ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಭಾವಕರನ್ನು ನಾಲ್ಕು ಬಗೆಯಾಗಿ ಎಣಿಸುತ್ತಾನೆ. ಯಾವುದೂ ರುಚಿಸದವನು ಅರೋಚಕಿ. ಹುಲ್ಲುಸಹಿತ ಎಲ್ಲವನ್ನೂ ನುಂಗುವವನು ಸತೃಣಾಭ್ಯವಹಾರಿ. ಗುಣವನ್ನು ಕಂಡೂ ಕರುಬುವವನು ಮತ್ಸರಿ. ಕೃತಿಯ ತಿರುಳಿಗೆ ಇಳಿಯುವವನು ತತ್ತ್ವಾಭಿನಿವೇಶಿ. ನಮ್ಮ ಬಿಡುಗಡೆಯ ವೇದಿಕೆಗಳಲ್ಲಿ ಎರಡನೆಯ ಬಗೆಯವರಿಗೆ ಅಭಾವವಿಲ್ಲ. ಲೇಖಕನು ಹುಡುಕಬೇಕಾದದ್ದು ನಾಲ್ಕನೆಯವನನ್ನು. ಅಂಥವನು ಅಪರೂಪವೆಂಬುದನ್ನು ರಾಜಶೇಖರನೂ ಬಲ್ಲನು.

ಅದ್ಭುತ ಕಾದಂಬರಿಯ ತಿರುಳಾದರೂ ಯಾವುದು? ಅದ್ಭುತಕ್ಕೂ ಒಂದು ಕಟ್ಟಳೆಯುಂಟು. ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿದೆ ಎಂದು ಅಜ್ಜಿ ಹೇಳಿದ ಮೇಲೆ, ಗಿಳಿಯನ್ನು ಮುಟ್ಟದೆ ರಾಕ್ಷಸನನ್ನು ಕೊಂದರೆ ಕೇಳುವ ಮಗು ಒಪ್ಪುವುದಿಲ್ಲ. ಸಮುದ್ರ ಏಳಿರಲಿ ಎಪ್ಪತ್ತಿರಲಿ, ಮಗುವಿಗೆ ಅಡ್ಡಿಯಿಲ್ಲ. ಕೊಟ್ಟ ಮಾತು ಮಾತ್ರ ತಪ್ಪಬಾರದು. ಔಚಿತ್ಯವೆಂದು ನಮ್ಮ ಆಲಂಕಾರಿಕರು ಕರೆದುದು ಇಲ್ಲಿ ಇದೇ. ಲೇಖಕನು ತಾನು ಹೂಡಿದ ಕಟ್ಟಳೆಯನ್ನು ಕೊನೆಯವರೆಗೆ ಕಾಯ್ದನೇ, ಮಕ್ಕಳು ತಮ್ಮ ಬುದ್ಧಿಯಿಂದಲೇ ತೊಡಕನ್ನು ಬಿಡಿಸಿದರೇ, ಅಥವಾ ತೊಡಕು ಬಿಗಿಯಾದಾಗಲೆಲ್ಲ ಒಬ್ಬ ಮಂತ್ರವಾದಿ ಬಂದನೇ ಎಂಬುದನ್ನು ವಿಮರ್ಶಕನು ಮೊದಲು ನೋಡಬೇಕು.

ಎರಡನೆಯದಾಗಿ, ನೆಲದ ಪ್ರಶ್ನೆ. ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಮೇಲೇಳುವ ಶೆಟ್ಟಿಹಳ್ಳಿಯ ಪಾಳು ಚರ್ಚು, ರಾಮನಾಥಪುರದ ಕಾವೇರಿಯಲ್ಲಿ ಯಾರೂ ಹಿಡಿಯದ ಮೀನುಗಳು, ಶ್ರವಣಬೆಳಗೊಳದ ಬಿಳಿಯ ಕೊಳ, ಇವೆಲ್ಲ ಅದ್ಭುತಕ್ಕೆ ಬಾಗಿಲು ತೆರೆದಿಟ್ಟ ಸ್ಥಳಗಳು. ಇವುಗಳ ನಡುವೆ ಬಾಳುವ ಲೇಖಕನು ಹಿಮ ಬೀಳುವ ಪರದೇಶದ ಕೋಟೆಯನ್ನೇ ಎರವಲು ತಂದರೆ, ಏಕೆ ತಂದನೆಂದು ಕೇಳುವ ಹಕ್ಕು ವಿಮರ್ಶಕನಿಗಿದೆ. ಎರವಲು ತರುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ತಂದದ್ದು ಇಲ್ಲಿ ಬೇರುಬಿಟ್ಟಿತೇ ಎಂಬುದು ಪ್ರಶ್ನೆ.

ಇಷ್ಟನ್ನು ಪಂಡಿತನು ನೋಡಬಲ್ಲನು. ಆದರೆ ಪಂಡಿತನಿಗೆ ನಿಲುಕದ ಒಂದು ತೀರ್ಪುಂಟು, ಅದು ಮಗುವಿನದು. ಟೋಲ್ಕಿನ್ನರ ‘ಹಾಬಿಟ್’ ಕಥೆಯ ಹಸ್ತಪ್ರತಿ 1936ರಲ್ಲಿ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ನರ ಬಳಿಗೆ ಬಂದಾಗ, ಅವರು ಅದನ್ನು ಹತ್ತು ವರ್ಷದ ತಮ್ಮ ಮಗ ರೇನರನಿಗೆ ಓದಲು ಕೊಟ್ಟರು. ಒಂದು ಶಿಲ್ಲಿಂಗಿನ ಸಂಭಾವನೆಗೆ ಹುಡುಗನು ಬರೆದ ಪುಟ್ಟ ಅಭಿಪ್ರಾಯ ಅನುಕೂಲವಾಗಿತ್ತು. 1937ರಲ್ಲಿ ಪುಸ್ತಕ ಹೊರಬಂದಿತು. ಸಂಸ್ಥೆಯೊಂದು ಮಾಡಿದ ಈ ಕೆಲಸವನ್ನು ಸ್ವಂತ ಪ್ರಕಾಶನದ ಲೇಖಕನೂ ಮಾಡಬಹುದು. ಆದರೆ ಓದುವ ಮಗು ಅವನ ಮನೆಯದಾಗಲಿ ಅವನ ತರಗತಿಯದಾಗಲಿ ಆಗಬಾರದು. ಮೇಷ್ಟರ ಪುಸ್ತಕ ಚೆನ್ನಾಗಿಲ್ಲವೆಂದು ಹೇಳುವ ಧೈರ್ಯ ಯಾವ ವಿದ್ಯಾರ್ಥಿಗೆ ಬಂದೀತು?

ಇಲ್ಲಿ ನಮ್ಮ ಕಾಲೇಜುಗಳ ಕರ್ತವ್ಯ ಮೊದಲಾಗುತ್ತದೆ. ಮೇಲೆ ಹೇಳಿದ ನಾಲ್ಕು ಊರುಗಳಲ್ಲೂ ಕನ್ನಡ ಅಧ್ಯಾಪಕರಿದ್ದಾರೆ, ಓದುವ ವಿದ್ಯಾರ್ಥಿಗಳಿದ್ದಾರೆ, ಸುತ್ತಲೂ ಪ್ರಾಥಮಿಕ ಶಾಲೆಗಳಿವೆ. ಅರಕಲಗೂಡಿನ ಲೇಖಕನ ಪುಸ್ತಕವನ್ನು ಚನ್ನರಾಯಪಟ್ಟಣದವರು ಓದಲಿ. ಹೊಳೆನರಸೀಪುರದ್ದನ್ನು ಹಾಸನದವರು ಓದಲಿ. ಪ್ರತಿಯೊಂದು ಪುಸ್ತಕಕ್ಕೂ ಲೇಖಕನ ಮುಖಪರಿಚಯವಿಲ್ಲದ ಒಬ್ಬ ಅಧ್ಯಾಪಕ, ಒಬ್ಬ ವಿದ್ಯಾರ್ಥಿ, ಮೂವರು ಮಕ್ಕಳು ಸಾಕು. ಮಕ್ಕಳನ್ನು ಪುಸ್ತಕ ಹೇಗಿದೆಯೆಂದು ಕೇಳಬೇಕಾಗಿಲ್ಲ. ಎಲ್ಲಿ ಓದು ನಿಲ್ಲಿಸಿದಿರಿ, ಮುಂದೆ ಏನಾಗಬಹುದೆಂದುಕೊಂಡಿರಿ ಎಂದು ಕೇಳಿದರೆ ಸಾಕು. ಎಂ.ಎ. ತರಗತಿಯಲ್ಲಿ ವಿಮರ್ಶೆಯ ತತ್ತ್ವಗಳನ್ನು ಕಲಿತ ವಿದ್ಯಾರ್ಥಿಗೆ ಅವುಗಳನ್ನು ಪ್ರಯೋಗಿಸಲು ಇದಕ್ಕಿಂತ ಒಳ್ಳೆಯ ಅವಕಾಶ ದೊರೆಯದು. ಮೊದಲೇ ಯಾರೂ ತೀರ್ಪು ಕೊಟ್ಟಿರದ ಪುಸ್ತಕದ ಮುಂದೆ ಅವನು ತನ್ನ ಕಣ್ಣನ್ನೇ ನಂಬಬೇಕಾಗುತ್ತದೆ.

ಲೇಖಕನೂ ಒಂದು ಮಾತನ್ನು ಒಪ್ಪಬೇಕು. ವಿಮರ್ಶೆಯನ್ನು ಕೇಳಿ ಪ್ರಶಂಸೆಯನ್ನು ನಿರೀಕ್ಷಿಸಬಾರದು. ಸಾಧ್ಯವಾದರೆ ಅಚ್ಚಿಗೆ ಕೊಡುವ ಮೊದಲೇ, ತಿದ್ದಲು ಎಡೆಯಿರುವಾಗಲೇ ಕೇಳಬೇಕು. ಮಾರಾಟವಾಗದೆ ಅಟ್ಟ ಸೇರಿದ ಪ್ರತಿಗಳಿಂದ ನಷ್ಟವಾಗುವುದು ಲೇಖಕನ ಹಣ. ಒಳ್ಳೆಯ ಪುಸ್ತಕ ಹೆಸರಿಲ್ಲದೆ ಹೋದರೆ, ಕೆಟ್ಟದ್ದು ಹೊಗಳಿಕೆಯ ಬಲದಿಂದ ಶಾಲೆಯ ಕಪಾಟನ್ನು ಸೇರಿದರೆ, ನಷ್ಟವಾಗುವುದು ಒಂದು ತಲೆಮಾರಿನ ಓದಿನ ರುಚಿ. ಮೊದಲ ನಷ್ಟವನ್ನು ಲೇಖಕನೊಬ್ಬನೇ ಹೊರುತ್ತಾನೆ. ಎರಡನೆಯದಕ್ಕೆ ಅಧ್ಯಾಪಕರಾದ ನಾವೂ ಹೊಣೆಗಾರರು.