ಶರತ್ಕಾಲದಲ್ಲಿ ಉದುರದ ಎಲೆ

ಕೆಲವು ವರ್ಷಗಳ ಹಿಂದೆ, ಒಂದು ಅಕ್ಟೋಬರಿನಲ್ಲಿ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಒಂದು ಹಗಲು ನಡೆದು ಬಂದು ಅದರ ಮೇಲೊಂದು ಲೇಖನ ಬರೆದಿದ್ದೆ. ಅದರಲ್ಲಿ ಒಂದು ವಾಕ್ಯವಿತ್ತು. ಶರತ್ಕಾಲದ ಒಣಗಿದೆಲೆಗಳು ಕಾಲಡಿಯಲ್ಲಿ ಸರಸರನೆ ಸದ್ದು ಮಾಡುತ್ತಿದ್ದವು ಎಂದು. ಓದಿದ ಗೆಳೆಯರಲ್ಲಿ ಇಬ್ಬರು ಆ ವಾಕ್ಯವನ್ನೇ ಎತ್ತಿ ಮೆಚ್ಚಿಕೊಂಡರು. ನನಗೂ ಹೆಮ್ಮೆಯಾಯಿತು.

ಮರುವರ್ಷ ಅದೇ ದಾರಿಯಲ್ಲಿ ನನ್ನ ಜೊತೆ ಬಂದ ವಯಸ್ಸಾದ ಸೋಲಿಗರೊಬ್ಬರಿಗೆ ಆ ಲೇಖನದ ವಿಷಯ ಹೇಳಿದೆ. ಅವರು ನಿಂತು ಒಮ್ಮೆ ನೆಲ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. "ಈಗೆಲ್ಲಿ ತರಗು ಸಾ? ಇನ್ನೂ ಮಳೆನೇ ಬುಟ್ಟಿಲ್ಲ. ತರಗು ಬೀಳದು ಸಂಕ್ರಾಂತಿ ಕಳೆದ್ಮೇಲೆ" ಅಂದರು. ನೆಲ ಒದ್ದೆಯಾಗಿತ್ತು. ಮತ್ತಿ, ದಿಂಡಿಗ, ಹೊನ್ನೆ ಎಲ್ಲವೂ ಮೈತುಂಬ ಹಸಿರು ಹೊತ್ತು ನಿಂತಿದ್ದವು. ಹಿಂದಿನ ವರ್ಷವೂ ಹಾಗೆಯೇ ನಿಂತಿದ್ದಿರಬೇಕು. ನಾನು ಕಾಣದ ಎಲೆಯನ್ನು ಬರೆದಿದ್ದೆ, ಕೇಳದ ಸದ್ದನ್ನು ಕೇಳಿಸಿದ್ದೆ.

ಈ ಸುಳ್ಳು ನನ್ನೊಬ್ಬನದೇ ಆಗಿದ್ದರೆ ಇಲ್ಲಿ ಪ್ರಸ್ತಾಪಿಸುವ ಅಗತ್ಯವಿರಲಿಲ್ಲ. ಕನ್ನಡದ ಚಾರಣ ಲೇಖನಗಳನ್ನು ಓದುತ್ತ ಹೋದಂತೆ ಇದು ನಮ್ಮೆಲ್ಲರ ರೂಢಿಯೆಂದು ತೋರುತ್ತದೆ.

ನಮ್ಮ ಬದನಗುಪ್ಪೆಯವರಿಗೆ ಈ ತಪ್ಪಿಗೆ ಕ್ಷಮೆ ಇನ್ನೂ ಕಡಿಮೆ. ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ರೈಲು ನಿಲ್ಲುವ ಊರು ಇದು. ಮಳೆ ತೊಳೆದ ಬೆಳಿಗ್ಗೆ ಹೊಲದ ಬದುವಿನ ಮೇಲೆ ನಿಂತರೆ ಮೂಡಲಿಗೆ ಬಿಳಿಗಿರಿಯ ಸಾಲು ನೀಲಿಯಾಗಿ ಕಾಣುತ್ತದೆ. ನಮ್ಮ ಸೀಮೆಗೆ ಮುಂಗಾರು ಧಾರಾಳಿಯಲ್ಲ. ಮೇ ತಿಂಗಳಲ್ಲೊಮ್ಮೆ ಮಳೆ ಜೋರಾಗುತ್ತದೆ, ನಡುವೆ ಕೈಕೊಡುತ್ತದೆ, ಮತ್ತೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ತುಂಬಿ ಬರುತ್ತದೆ. ಚಿತ್ತೆ, ಸ್ವಾತಿ ಮಳೆಗಳನ್ನು ನೆಚ್ಚಿಕೊಂಡೇ ಇಲ್ಲಿ ಹುರುಳಿ ಚೆಲ್ಲುವುದು. ಪಂಚಾಂಗದ ಪ್ರಕಾರ ಅದು ಆಶ್ವಯುಜ, ಕಾರ್ತಿಕಗಳ ಶರದೃತು. ಅಂದರೆ ನಮ್ಮ ಶರತ್ತು ಎಲೆ ಕಳಚುವ ಕಾಲವಲ್ಲ, ಹಳ್ಳ ಹರಿಯುವ ಕಾಲ. ಇದನ್ನು ಬಾಲ್ಯದಿಂದ ಕಂಡವನು ಲೇಖನ ಬರೆಯಲು ಕುಳಿತಾಗ ಮರೆತನೆಂದರೆ, ಮರೆಸುವಂಥದ್ದು ಯಾವುದೋ ಇರಲೇಬೇಕು.

ಆ ಎಲೆ ಎಲ್ಲಿಂದ ಬಂತು? ಕಾಳಿದಾಸನಿಂದಲ್ಲ. ಋತುಸಂಹಾರದ ಶರತ್ತಿನಲ್ಲಿ ತಿಳಿಯಾದ ಆಕಾಶವಿದೆ, ಜೊಂಡುಹುಲ್ಲಿನ ಬಿಳಿಹೂವಿದೆ, ಹಂಸಗಳಿವೆ, ಮಾಗುತ್ತಿರುವ ಭತ್ತವಿದೆ. ಎಲೆಯುದುರಿದ ಮರವಲ್ಲ ಅಲ್ಲಿನ ಸಂಕೇತ. ಅದು ನಮ್ಮ ಇಂಗ್ಲಿಷ್ ಪಠ್ಯಪುಸ್ತಕದಿಂದ ಬಂದದ್ದು. ಅಲ್ಲಿಯೂ ನಾವು ಸರಿಯಾಗಿ ಓದಲಿಲ್ಲ. ಕೀಟ್ಸ್ 1819ರಲ್ಲಿ ಶರತ್ತಿನ ಮೇಲೆ ಬರೆದ ಪದ್ಯ ಹಣ್ಣು ಮಾಗುವುದರ, ಕಣಜ ತುಂಬುವುದರ ಪದ್ಯ. ಸತ್ತ ಎಲೆಗಳು ಹಾರುವುದು ಅದೇ ವರ್ಷ ಷೆಲ್ಲಿ ಪಶ್ಚಿಮದ ಗಾಳಿಯ ಮೇಲೆ ಬರೆದ ಪದ್ಯದಲ್ಲಿ. ಅವನ ದೇಶಕ್ಕೆ ಅದು ಸತ್ಯ. ಹಗಲು ಕುಗ್ಗಿ ಚಳಿ ಇಳಿದಾಗ ಅಲ್ಲಿನ ಮರಗಳು ಎಲೆ ಕಳಚುತ್ತವೆ. ನಮ್ಮ ಕುರುಚಲು ಕಾಡಿನಲ್ಲಿ ಹಿಂಗಾರು ಮುಗಿದು, ನೆಲದ ತೇವ ಆರಿ, ಪುಷ್ಯ, ಮಾಘಗಳಲ್ಲಿ ಎಲೆ ಉದುರುತ್ತದೆ. ಅಲ್ಲಿ ಚಳಿಗೆ ಉದುರುವ ಎಲೆ ಇಲ್ಲಿ ಬಾಯಾರಿಕೆಗೆ ಉದುರುತ್ತದೆ.

ಎರಡನೆಯ ಸಾಲವೊಂದಿದೆ. ಅದು ನಮ್ಮೊಳಗಿನದೇ. ಕಾಡನ್ನು ಕನ್ನಡದಲ್ಲಿ ಬರೆಯಲು ಕಲಿಸಿದವರು ಮಲೆನಾಡಿನವರು. ಕುವೆಂಪು ಅವರ 'ಮಲೆನಾಡಿನ ಚಿತ್ರಗಳು', 'ಮಲೆಗಳಲ್ಲಿ ಮದುಮಗಳು', ತೇಜಸ್ವಿಯವರ 'ಕರ್ವಾಲೊ' ಇಲ್ಲದಿದ್ದರೆ ನಮ್ಮ ಕಣ್ಣಿಗೆ ಕಾಡು ಇಷ್ಟು ಕಾಣುತ್ತಿರಲಿಲ್ಲ. ಆದರೆ ಅವರಿಬ್ಬರೂ ತಾವು ಬಾಳಿದ ಕಾಡನ್ನು ಬರೆದರು. ಅವರ ಮಳೆ ಅವರ ಊರಿನ ಮಳೆ. ನಾವು ಆ ಮಾತುಗಳನ್ನು ಎತ್ತಿಕೊಂಡು ಬಯಲುಸೀಮೆಯ ಕಾಡಿಗೆ ಬಂದೆವು. ಹಾಗಾಗಿ ಚಾಮರಾಜನಗರದ ಮೇಲಿನ ಲೇಖನಗಳಲ್ಲೂ ಕಾಡು ಯಾವಾಗಲೂ ದಟ್ಟ, ಕತ್ತಲು, ಜಿನುಗುವ ಹಸಿರು. ಅಳತೆ, ಎತ್ತರ, ಕಿಲೋಮೀಟರು, ಬುತ್ತಿ ಬಿಚ್ಚಿ ತಿಂದ ಬಂಡೆ, ಕೊನೆಗೆ ಪ್ರಕೃತಿಮಾತೆಯ ಮಡಿಲು. ದಾರಿ ತೋರಿಸಿದವನು ಒಂದು ವಾಕ್ಯದಲ್ಲಿ ಬಂದು ಹೋಗುತ್ತಾನೆ. ಅವನು ಏನು ಹೇಳಿದ ಎಂಬುದು ಲೇಖನದಲ್ಲಿ ಇರುವುದಿಲ್ಲ.

ಹಾಗಾದರೆ ಈ ಬೆಟ್ಟಗಳಿಗೆ ಅವುಗಳದೇ ಸಾಹಿತ್ಯವಿಲ್ಲವೇ? ಇದೆ. ನಡೆಯುವವರ ಸಾಹಿತ್ಯವೇ ಇದೆ. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದ ಮಲೆಯ ಮಾದೇಶ್ವರ ಕಾವ್ಯವನ್ನು ನಾವು ಜಾನಪದದ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇವೆ. ಅದು ಆದಿಯಿಂದ ಅಂತ್ಯದವರೆಗೆ ಒಂದು ನಡಿಗೆಯ ಕಥನ. ಮಾದಪ್ಪ ಸುತ್ತೂರು ಮಠ, ಕುಂತೂರು ಮಠ ದಾಟಿ ಎಪ್ಪತ್ತೇಳು ಮಲೆಗೆ ನಡೆಯುತ್ತಾನೆ. ಸಂಕಮ್ಮನ ಸಾಲಿನಲ್ಲಿ ಅವಳ ಗಂಡ ನೀಲೇಗೌಡ ಕಾಡಿಗೆ ಹೋಗುವುದು ಜೇನಿಗಾಗಿ. ಹೆಂಡತಿಯ ಮೇಲೆ ಅವನ ಸಂಶಯ, ಅವಳಿಗೆ ಅವನು ಕೊಡುವ ಹಿಂಸೆ, ಮಾದಪ್ಪನ ವರದಿಂದ ಹುಟ್ಟುವ ಕಾರಯ್ಯ, ಬಿಲ್ಲಯ್ಯ ಎಲ್ಲವೂ ಆ ಜೇನಿನ ಪಯಣದ ಸುತ್ತ ಹೆಣೆದುಕೊಂಡಿವೆ. ಅಲ್ಲಿ ಯಾರೂ ಸುಮ್ಮನೆ ಕಾಡು ನೋಡಲು ಹೋಗುವುದಿಲ್ಲ. ಆದ್ದರಿಂದಲೇ ಅಲ್ಲಿ ಕಾಡು ನಿಜವಾಗಿ ಕಾಣುತ್ತದೆ.

ಬಿಳಿಗಿರಿಯ ರಂಗಪ್ಪನೂ ಕೂತ ದೇವರಲ್ಲ. ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನೆಂದು ಅವರು ಅವನನ್ನು ಭಾವ ಎನ್ನುತ್ತಾರೆ. ತಪ್ಪಲಿನ ಭಕ್ತರು ಅವನಿಗೆ ದೊಡ್ಡ ತೊಗಲಿನ ಚಪ್ಪಲಿ ಹೊಲಿದು ಒಪ್ಪಿಸುತ್ತಾರೆ. ಕಾಡೆಲ್ಲ ಸುತ್ತಿ ಅವನು ಅದನ್ನು ಸವೆಸುತ್ತಾನೆ ಎಂಬುದು ನಂಬಿಕೆ. ದೇವರ ಚಪ್ಪಲಿ ಸವೆಯುವ ಬೆಟ್ಟದ ಬಗ್ಗೆ ನಮ್ಮ ಚಾರಣ ಲೇಖನಗಳು ಬೂಟಿನ ಹಿಡಿತದ ವಿಷಯ ಬರೆಯುತ್ತವೆ.

ಇನ್ನೂ ಶರತ್ತಿನ ನಡಿಗೆಯೇ ಬೇಕೆಂದರೆ ದೀಪಾವಳಿಯ ಜಾತ್ರೆಯನ್ನು ನೋಡಬೇಕು. ತಾಳಬೆಟ್ಟದಿಂದ ಮೇಲಕ್ಕೆ ಮಾದಪ್ಪನ ಒಕ್ಕಲು ಕಾಲ್ನಡಿಗೆಯಲ್ಲಿ ಹತ್ತುತ್ತದೆ. ಅಮಾವಾಸ್ಯೆಯಂದು ಬೇಡಗಂಪಣರ ನೂರಾ ಒಂದು ಹೆಣ್ಣುಮಕ್ಕಳು ಹಾಲರವೆ ಹಳ್ಳದಿಂದ ನೀರು ಹೊತ್ತು ಬರುತ್ತಾರೆ. ಆ ಋತುವಿನ ಅರ್ಥ ಅಲ್ಲಿದೆ. ಹಳ್ಳದಲ್ಲಿ ನೀರಿದೆ, ಅದನ್ನು ದೇವರಿಗೆ ತರಬೇಕು. ಒಣಗಿದೆಲೆಯ ವಿಷಾದಕ್ಕೆ ಅಲ್ಲಿ ಜಾಗವಿಲ್ಲ.

ಒಂದು ತಪ್ಪು ವಿಶೇಷಣಕ್ಕೆ ಇಷ್ಟು ರಂಪ ಬೇಕೆ ಎಂದು ಓದುಗರು ಕೇಳಬಹುದು. ನಾನೂ ಹಾಗೆಯೇ ಸಮಾಧಾನ ಮಾಡಿಕೊಂಡಿದ್ದೆ, ತರಗು ಎಂಬ ಮಾತಿನ ಹಿಂದೆ ಏನಿದೆಯೆಂದು ತಿಳಿಯುವವರೆಗೆ.

ಸಂಕ್ರಾಂತಿಯ ಆಸುಪಾಸಿನಲ್ಲಿ, ತರಗು ಇನ್ನೂ ತೆಳುವಾಗಿದ್ದು ಹುಲ್ಲು ಪೂರ್ತಿ ಒಣಗದಿರುವಾಗ ಸೋಲಿಗರು ನೆಲಮಟ್ಟದಲ್ಲಿ ಸಣ್ಣ ಬೆಂಕಿ ಇಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದೇ ಹೆಸರು. ಮರ ಸುಡದೆ, ನೆಲವಷ್ಟೇ ಹಗುರಾಗಿ, ಹೊಸ ಹುಲ್ಲು ಬರುತ್ತಿತ್ತು. 1974ರಲ್ಲಿ ಕಾಡು ಅಭಯಾರಣ್ಯವಾಯಿತು. ಸೋಲಿಗರ ಪೋಡುಗಳು ದಾರಿಬದಿಗೆ ಬಂದವು, ಬೆಂಕಿ ಅಪರಾಧವಾಯಿತು. ಆಮೇಲೆ ಲಂಟಾನ ಹಬ್ಬಿತು. 1997ರಲ್ಲಿ ಅಳೆದ ಜಾಗಗಳನ್ನೇ 2008ರಲ್ಲಿ ಮತ್ತೆ ಅಳೆದಾಗ ಲಂಟಾನ ಕಂಡ ಜಾಗಗಳು ಸುಮಾರು ಇಮ್ಮಡಿಯಾಗಿದ್ದವು. ಬೆಂಕಿ ನಿಂತದ್ದೊಂದೇ ಇದಕ್ಕೆ ಕಾರಣವೇ ಎಂಬ ಚರ್ಚೆ ವಿಜ್ಞಾನಿಗಳಲ್ಲಿದೆ. ಸೋಲಿಗರಿಗೆ ಮಾತ್ರ ಅನುಮಾನವಿಲ್ಲ. 2011ರಲ್ಲಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ 2006ರ ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಜೇನು, ನೆಲ್ಲಿ, ಪಾಚಿ ಸಂಗ್ರಹಿಸುವ ಹಕ್ಕನ್ನು ಕಾಗದ ಒಪ್ಪಿಕೊಂಡಿತು. ಕಾಡನ್ನು ಯಾವಾಗ ಸುಡಬೇಕೆಂಬ ಅವರ ತಿಳಿವಳಿಕೆಗೆ ಇನ್ನೂ ಅಂಥ ಮನ್ನಣೆಯಿಲ್ಲ.

ಈಗ ನನ್ನ ಆ ವಾಕ್ಯವನ್ನು ಮತ್ತೆ ಓದಿ ನೋಡಿ. ಎಲೆ ಅಕ್ಟೋಬರಿನಲ್ಲಿ ಉದುರುತ್ತದೆಂದು ಬರೆದವನಿಗೆ ತರಗು ಒಂದು ಸದ್ದು ಮಾತ್ರ. ಅದು ಯಾವ ತಿಂಗಳು ಬೀಳುತ್ತದೆ ಎಂದು ತಿಳಿದವನಿಗೆ ಅದೊಂದು ಲೆಕ್ಕ: ಎಷ್ಟು ಬಿದ್ದಾಗ ಸುಟ್ಟರೆ ಕಾಡು ಉಳಿಯುತ್ತದೆ, ಎಷ್ಟು ಬಿದ್ದ ಮೇಲೆ ಸುಟ್ಟರೆ ಮರವೂ ಹೋಗುತ್ತದೆ ಎಂಬ ಲೆಕ್ಕ. ಆ ತಿಳಿವಳಿಕೆ ಮೂಢತನವೆಂದು ಕಡತಗಳಲ್ಲಿ ಅಳಿಸಿಹೋಗುತ್ತಿದ್ದಾಗ ನಾವು ಬರಹಗಾರರು ಅದೇ ಕಾಡಿನಲ್ಲಿ ನಡೆದು ಬಂದು ಷೆಲ್ಲಿಯ ಎಲೆಗಳನ್ನು ಹರಡುತ್ತಿದ್ದೆವು. ಋತು ತಪ್ಪಿದ್ದರಿಂದ ಅಲ್ಲಿನ ಜನರೂ ನಮಗೆ ಕಾಣದೆ ಹೋದರು.

ಚಾರಣಿಗರೆಲ್ಲ ಸಸ್ಯಶಾಸ್ತ್ರ ಓದಿರಬೇಕೆಂದು ನಾನು ಹೇಳುತ್ತಿಲ್ಲ. ಹುಲಿ ಕಾಡಿನಲ್ಲಿ ಈಗ ಇಲಾಖೆಯ ಅನುಮತಿಯಿಲ್ಲದೆ ಯಾರೂ ನಡೆಯುವಂತಿಲ್ಲ. ಅನುಮತಿ ಸಿಕ್ಕರೂ ದಾರಿ ಬಲ್ಲವರೊಬ್ಬರು ಜೊತೆಗಿರುತ್ತಾರೆ. ಬರೆಯುವ ಮೊದಲು ಅವರಿಗೆ ನಮ್ಮ ವಾಕ್ಯವನ್ನು ಒಮ್ಮೆ ಓದಿ ಹೇಳಿದರೆ ಸಾಕು. ಅದಕ್ಕಿಂತ ಒಳ್ಳೆಯ ವಿಮರ್ಶಕ ನಮಗೆ ಸಿಗಲಾರ.

ಆ ಲೇಖನ ಮುಂದೆಂದಾದರೂ ಪುಸ್ತಕದಲ್ಲಿ ಸೇರುವುದಾದರೆ ಆ ಸಾಲನ್ನು ತಿದ್ದುತ್ತೇನೆ. ಕಾಲಡಿಯಲ್ಲಿ ಕೆಸರಿತ್ತು, ಎಲೆಗಳು ಮರದಲ್ಲೇ ಇದ್ದವು ಎಂದು. ಗೆಳೆಯರು ಈ ಸಾಲನ್ನು ಮೆಚ್ಚಲಾರರು. ಆದರೆ ಆ ಹಿರಿಯರಿಗೆ ಓದಿ ಹೇಳಿದರೆ ಅವರು ಈ ಸಲ ನಿಂತು ನನ್ನ ಮುಖ ನೋಡುವುದಿಲ್ಲ, ಸುಮ್ಮನೆ ಮುಂದೆ ನಡೆಯುತ್ತಾರೆ.