ಕೈಮರದಿಂದ ಕಬ್ಬಿಣದ ಫಲಕದವರೆಗೆ: ದಾರಿಸೂಚಕಗಳ ದೋಷಗಳನ್ನು ಕುರಿತ ಒಂದು ಜಾನಪದೀಯ ವಿಮರ್ಶೆ

ಕನ್ನಡ ಜಾನಪದ ಅಧ್ಯಯನವು ಹಾಡು, ಕತೆ, ಗಾದೆ, ಒಗಟು, ಆಚರಣೆ ಮತ್ತು ಕಲೆಗಳ ಸಂಗ್ರಹ ಹಾಗೂ ವಿಶ್ಲೇಷಣೆಯಲ್ಲಿ ಗಣನೀಯ ಸಾಧನೆ ಮಾಡಿದೆ. ಸ್ಥಳನಾಮಗಳ ವಿಷಯದಲ್ಲಿಯೂ ನಮ್ಮಲ್ಲಿ ಗಟ್ಟಿಯಾದ ಪರಂಪರೆಯಿದೆ. ಊರ ಹೆಸರುಗಳನ್ನು ಆಧಾರವಾಗಿಟ್ಟುಕೊಂಡು ಕನ್ನಡ ನಾಡಿನ ಪ್ರಾಚೀನತೆಯನ್ನು ಅರಸಿದ ಶಂ.ಬಾ. ಜೋಶಿಯವರಿಂದ ಹಿಡಿದು ವಿಶ್ವವಿದ್ಯಾಲಯಗಳ ಇತ್ತೀಚಿನ ಸಂಶೋಧನ ಪ್ರಬಂಧಗಳವರೆಗೆ ಈ ಪರಂಪರೆ ಮುಂದುವರಿದಿದೆ. ಆದರೆ ಆ ಹೆಸರುಗಳು ಇಂದು ಜನರ ಕಣ್ಣಿಗೆ ನಿತ್ಯವೂ ಬೀಳುವ ಎಡೆಯಾದ ರಸ್ತೆಬದಿಯ ಫಲಕವನ್ನು ಒಂದು ಪಠ್ಯವೆಂದು ಭಾವಿಸಿ ಪರಿಶೀಲಿಸುವ ಕೆಲಸ ಕಡಿಮೆ. ಪ್ರಸ್ತುತ ಲೇಖನವು ಕರ್ನಾಟಕದ ದಾರಿಫಲಕಗಳಲ್ಲಿ ಕಂಡುಬರುವ ಬರಹ ಮತ್ತು ವಿನ್ಯಾಸದ ದೋಷಗಳನ್ನು ಜಾನಪದದ ದೃಷ್ಟಿಯಿಂದ ಪರಾಮರ್ಶಿಸುತ್ತದೆ.

1. ದಾರಿ ತೋರುವ ದೇಶೀಯ ಕ್ರಮ

ದಾರಿ ಕವಲೊಡೆಯುವಲ್ಲಿ ಕೈಯ ಆಕಾರದ ಹಲಗೆಗಳನ್ನು ಹೊತ್ತು ನಿಲ್ಲುತ್ತಿದ್ದ ಮರದ ಕಂಬವನ್ನು ನಮ್ಮ ಜನ 'ಕೈಮರ' ಎಂದು ಕರೆದರು. ಹೊಸ ಆಡಳಿತ ತಂದ ವಸ್ತುವೊಂದಕ್ಕೆ ಹಳ್ಳಿಯ ನಾಲಗೆ ಕೊಟ್ಟ ಅಚ್ಚಗನ್ನಡ ಹೆಸರಿದು. ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಯ ಕಡೆಗೆ ಹೋಗುವಾಗ ಸಿಗುವ ಕೈಮರವನ್ನು ಬಲ್ಲವರಿಗೆ, ದಾರಿ ತೋರುವ ಕಂಬವೇ ಒಂದು ಜಾಗದ ಹೆಸರಾಗಿ ನೆಲೆಗೊಂಡಿರುವುದು ತಿಳಿದಿದೆ. ಸೂಚಕವು ಜನರ ಬಳಕೆಗೆ ಎಷ್ಟು ಒಗ್ಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅಂತೆಯೇ ಮೈಲಿಯ ಅಳತೆ ಹೋಗಿ ಕಿಲೋಮೀಟರು ಬಂದು ಆರು ದಶಕಗಳು ಕಳೆದರೂ 'ಮೈಲಿಗಲ್ಲು' ಎಂಬ ಮಾತು ಉಳಿದಿದೆ.

ಕೈಮರಕ್ಕಿಂತ ಹಿಂದಿನ ಕ್ರಮವೂ ಗಮನಾರ್ಹವಾದುದು. ದತ್ತಿ ನೀಡಿದ ಭೂಮಿಯ ಎಲ್ಲೆಯನ್ನು ಹೇಳುವಾಗ ನಮ್ಮ ಶಾಸನಗಳು ಮೂಡಲು, ತೆಂಕಲು, ಪಡುವಲು, ಬಡಗಲುಗಳ ಗುರುತಾಗಿ ಮರ, ಬಂಡೆ, ಹುತ್ತ, ಹಳ್ಳ, ಕೆರೆಯ ಕೋಡಿಗಳನ್ನು ಹೆಸರಿಸುತ್ತವೆ. ಲಿಂಗಮುದ್ರೆ ಮತ್ತು ವಾಮನಮುದ್ರೆಯ ಕಲ್ಲುಗಳು ಓದುಬರಹವಿಲ್ಲದವರಿಗೂ ಅರ್ಥವಾಗುವ ಗಡಿಫಲಕಗಳೇ ಆಗಿದ್ದವು. ಇಂದಿಗೂ ಹಳ್ಳಿಯ ಹಿರಿಯರು ದಾರಿ ಹೇಳುವುದು 'ಕೂಗಳತೆ', 'ಹರದಾರಿ'ಗಳ ಅಳತೆಯಲ್ಲಿ, ಅರಳಿಕಟ್ಟೆ, ಮಾರಿಗುಡಿಗಳ ಗುರುತಿನಲ್ಲಿ. ಈ ಕ್ರಮದ ಒಂದು ಲಕ್ಷಣವನ್ನು ಇಲ್ಲಿ ನೆನೆಯಬೇಕು. ಹೇಳುವವನು ಆ ದಾರಿಯನ್ನು ನಡೆದು ಬಲ್ಲವನು. ತಪ್ಪು ಹೇಳಿದರೆ ನಾಳೆ ಅದೇ ಕಟ್ಟೆಯ ಮೇಲೆ ಉತ್ತರ ಕೊಡಬೇಕಾದವನು. ಇಂದಿನ ಫಲಕವನ್ನು ಬರೆಯುವವನಿಗೆ ಈ ಎರಡೂ ಇಲ್ಲ. ದೋಷಗಳ ಮೂಲವನ್ನು ಇಲ್ಲಿಂದಲೇ ಹುಡುಕಬೇಕಾಗುತ್ತದೆ.

2. ರೋಮನ್ ಲಿಪಿಯ ಮೂಲಕ ಮರಳಿ ಬಂದ ಹೆಸರುಗಳು

ಕ್ಷೇತ್ರಕಾರ್ಯದ ಓಡಾಟದಲ್ಲಿ ಈ ಲೇಖಕನು ಕಂಡ ಬರಹದ ತಪ್ಪುಗಳನ್ನು ವರ್ಗೀಕರಿಸಿದಾಗ, ಅವುಗಳಲ್ಲಿ ಬಹುಪಾಲು ಕೈತಪ್ಪುಗಳಲ್ಲ, ಒಂದು ನಿಶ್ಚಿತ ಕ್ರಮವನ್ನು ಅನುಸರಿಸಿದವು ಎಂಬುದು ಸ್ಪಷ್ಟವಾಗುತ್ತದೆ. ಕನ್ನಡದ ಹೆಸರು ಕಚೇರಿಯ ಪಟ್ಟಿಯಲ್ಲಿ ರೋಮನ್ ಲಿಪಿಗೆ ಹೋಗುತ್ತದೆ. ಅಲ್ಲಿಂದ, ಊರನ್ನು ಕಾಣದವರ ಕೈಯಲ್ಲಿ ಮತ್ತೆ ಕನ್ನಡಕ್ಕೆ ಬರುತ್ತದೆ. ರೋಮನ್ ಲಿಪಿಯ ಸಾಮಾನ್ಯ ಬಳಕೆಯಲ್ಲಿ ಲ-ಳ, ನ-ಣ, ತ-ಟ, ದ-ಡ ಭೇದಗಳಿಲ್ಲ. ಹ್ರಸ್ವ-ದೀರ್ಘಗಳ ಭೇದವೂ ಇಲ್ಲ. ಹೋಗುವಾಗ ಕಳೆದುಕೊಂಡದ್ದು ಬರುವಾಗ ದೊರೆಯುವುದಿಲ್ಲ.

ಪರಿಣಾಮವಾಗಿ 'ಹಳ್ಳಿ' 'ಹಲ್ಲಿ'ಯಾಗುತ್ತದೆ, 'ಹಟ್ಟಿ' 'ಹತ್ತಿ'ಯಾಗುತ್ತದೆ, 'ಕಟ್ಟೆ' 'ಕತ್ತೆ'ಯಾಗುತ್ತದೆ. ನಗು ಬರಿಸುವ ಈ ಪಟ್ಟಿಯನ್ನು ಬೆಳೆಸುವುದು ಸುಲಭ. ಆದರೆ ನಗೆಯಾಚೆಗೆ ಗಮನಿಸಬೇಕಾದ ಅಂಶವೊಂದಿದೆ. ಇಲ್ಲಿ ಕೆಟ್ಟಿರುವ ಹಳ್ಳಿ, ಹಟ್ಟಿ, ಕಟ್ಟೆಗಳು ಸ್ಥಳನಾಮಗಳ ವಾರ್ಗಿಕ ಘಟಕಗಳು. ನೆಲೆ ಯಾವ ಬಗೆಯದು, ಯಾರು ಕಟ್ಟಿದರು, ಯಾವ ಜಲಮೂಲವನ್ನು ನೆಚ್ಚಿ ನಿಂತಿತು ಎಂಬುದನ್ನು ಹೇಳುವ ಭಾಗವೇ ಅದು. ಗೊಲ್ಲರಹಟ್ಟಿಯ 'ಹಟ್ಟಿ' ಹೋದರೆ ಒಂದು ಪಶುಪಾಲಕ ಸಮುದಾಯದ ನೆಲೆಯ ಕುರುಹು ಹೋಗುತ್ತದೆ.

ಶ್ರವಣಬೆಳಗೊಳದ ನಿದರ್ಶನ ಇನ್ನೂ ಸ್ಪಷ್ಟವಾದುದು. 'ಬೆಳ್' ಮತ್ತು 'ಕೊಳ' ಸೇರಿ, ಕಕಾರಕ್ಕೆ ಗಕಾರವು ಆದೇಶವಾಗಿ 'ಬೆಳಗೊಳ' ಎಂದಾಗಿದೆ. ಬಿಳಿಯ ಕೊಳ ಎಂಬುದು ಅದರ ಅರ್ಥ. ಹಿಂದಿ ಬರಹಗಳಲ್ಲಿ ಇದು 'ಬೇಲಗೋಲಾ' ಎಂದು ಕಾಣಿಸಿಕೊಳ್ಳುತ್ತದೆ. ಬಿಳುಪೂ ಇಲ್ಲ, ಕೊಳವೂ ಇಲ್ಲ. ಮರಾಠಿಯನ್ನು ಬರೆಯುವ ದೇವನಾಗರಿಯಲ್ಲಿ ಳಕಾರವಿದೆ ಎಂಬುದನ್ನು ಮರೆಯಬಾರದು. ಆದ್ದರಿಂದ ಕೊರತೆ ಲಿಪಿಯದಲ್ಲ, ಕನ್ನಡವನ್ನು ಕೇಳದೆ ಬರೆಯುವ ಕ್ರಮದ್ದು. ಹಾಸನವನ್ನು ಅದರ ರೋಮನ್ ಕಾಗುಣಿತದಂತೆ ಓದಿದವರು 'ಹಸ್ಸನ್' ಎಂದೇ ಹೇಳುತ್ತಾರೆ. ಹಾಸನಾಂಬೆಯ ನೆನಪು ಆ ಉಚ್ಚಾರದಲ್ಲಿ ಉಳಿಯುವುದಿಲ್ಲ.

2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಮೊದಲಾದ 12 ನಗರಗಳ ಇಂಗ್ಲಿಷ್ ರೂಪಗಳನ್ನು ಕನ್ನಡದ ಉಚ್ಚಾರಕ್ಕೆ ಅನುಗುಣವಾಗಿ ತಿದ್ದಲಾಯಿತು. ಇದು ಸ್ವಾಗತಾರ್ಹ ಕ್ರಮ. ಆದರೆ ಅದರ ಫಲ ನಗರಗಳಿಗೆ ಸಿಕ್ಕಿತೇ ಹೊರತು ಹಳ್ಳಿಗಳಿಗಲ್ಲ. ಬಿಜಾಪುರವು ವಿಜಯಪುರವಾದಾಗ ಮತ್ತೊಂದು ತೊಡಕೂ ಹುಟ್ಟಿತು. ದೇವನಹಳ್ಳಿ ತಾಲ್ಲೂಕಿನಲ್ಲಿ ಅದಾಗಲೇ ಒಂದು ವಿಜಯಪುರವಿತ್ತು. ಜನರ ಬಾಯಲ್ಲಿ ಇಂತಹ ಹೆಸರುಗಳಿಗೆ ಬೇರೆ ಮಾಡುವ ವಿಶೇಷಣ ತಾನಾಗಿ ಸೇರಿಕೊಳ್ಳುತ್ತದೆ. ಫಲಕಕ್ಕೆ ಅದನ್ನು ಯಾರಾದರೂ ಸೇರಿಸಬೇಕು.

3. ಬಿಟ್ಟುಹೋದ ವಿಶೇಷಣ, ಬಿಟ್ಟುಹೋದ ಊರು

ತಪ್ಪಾಗಿ ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದು ಹೆಚ್ಚು ಅಪಾಯಕಾರಿ ಎಂಬುದು ಈ ಲೇಖಕನ ಅನುಭವ. ಹಲವು ವರ್ಷಗಳ ಹಿಂದೆ ಮಾರಿಹಬ್ಬವೊಂದರ ದಾಖಲೀಕರಣಕ್ಕಾಗಿ ಹೊರಟಿದ್ದಾಗ, ಕವಲುದಾರಿಯ ಫಲಕದಲ್ಲಿ ಊರ ಹೆಸರಷ್ಟೇ ಇತ್ತು. ಅದರ ಹಿಂದಿನ 'ಚಿಕ್ಕ' ಇರಲಿಲ್ಲ. ಸೂಚಿಸಿದ ದಾರಿ ಹಿಡಿದು ತಲುಪಿದ್ದು ಅದೇ ಹೆಸರಿನ ಇನ್ನೊಂದು ಊರನ್ನು. ಮರಳಿ ಸರಿಯಾದ ಊರು ಸೇರುವ ಹೊತ್ತಿಗೆ ಮಾರಿಯನ್ನು ಗಡಿ ದಾಟಿಸುವ ಆಚರಣೆ ಮುಗಿದಿತ್ತು. ಆ ಆಚರಣೆಯನ್ನು ನಡೆಸಿಕೊಡುತ್ತಿದ್ದ ಹಿರಿಯರು ಮುಂದಿನ ಹಬ್ಬದ ವೇಳೆಗೆ ಇರಲಿಲ್ಲ. ಸಂಶೋಧಕನಿಗೆ ಆದ ನಷ್ಟ ಒಂದು ದಾಖಲೆಯದು. ರಾತ್ರಿಯಲ್ಲಿ ಬಾಣಂತಿಯನ್ನೋ ಹಾವು ಕಚ್ಚಿದವರನ್ನೋ ಕರೆದೊಯ್ಯಲು ಬರುವ ವಾಹನ ಅದೇ ಕವಲಿನಲ್ಲಿ ತಪ್ಪಿದರೆ ಆಗುವ ನಷ್ಟ ಬೇರೆಯದು.

ಹಿರೇ, ಚಿಕ್ಕ, ದೊಡ್ಡ, ಮೇಲಿನ, ಕೆಳಗಿನ ಎಂಬ ವಿಶೇಷಣಗಳು ಕೇವಲ ಗಾತ್ರಸೂಚಕಗಳಲ್ಲ. ಯಾವುದು ಮೂಲ ನೆಲೆ, ಯಾವುದು ಅದರಿಂದ ಕವಲೊಡೆದದ್ದು ಎಂಬ ವಲಸೆಯ ಕಥನ ಅನೇಕ ವೇಳೆ ಅವುಗಳಲ್ಲಿ ಅಡಗಿದೆ. ಬೆಳಗಾವಿಯ ಸುತ್ತಿನ ಗ್ರಾಮಗಳಲ್ಲಿ 'ಬುದ್ರುಕ', 'ಖುರ್ದ' ಎಂಬ ಹಿರಿದು-ಕಿರಿದುಗಳ ಸೂಚನೆ 'ಬಿ.ಕೆ.', 'ಕೆ.ಎಚ್.' ಎಂಬ ಅಕ್ಷರಗಳಾಗಿ ಕುಗ್ಗಿದೆ. ಕಂಗ್ರಾಳಿ ಬಿ.ಕೆ., ಕಂಗ್ರಾಳಿ ಕೆ.ಎಚ್. ಎಂಬ ಹೆಸರುಗಳು ಇದಕ್ಕೆ ನಿದರ್ಶನ. ಆ ಎರಡು ಅಕ್ಷರಗಳೂ ಬಿದ್ದುಹೋದರೆ ಪರಸ್ಥಳದವನಿಗೆ ಎರಡು ಊರುಗಳು ಒಂದಾಗುತ್ತವೆ.

ಇನ್ನು ತಾಂಡಾ, ಹಟ್ಟಿ, ಕೇರಿ, ಹಾಡಿಗಳ ಸ್ಥಿತಿ. ಪ್ರತ್ಯೇಕ ಕಂದಾಯ ಗ್ರಾಮಗಳೆಂದು ಪರಿಗಣಿತವಾಗದೆ ಬಹುಕಾಲ ಉಳಿದ ಈ ನೆಲೆಗಳು ಅನೇಕ ಕಡೆ ಫಲಕದಲ್ಲಿಯೂ ಇಲ್ಲ. ಅಲ್ಲಿನ ಜನ ತಮ್ಮ ವಾಸಸ್ಥಾನವನ್ನು ಪಕ್ಕದ ಊರಿನ ಹೆಸರಿನಿಂದ ಹೇಳಿಕೊಳ್ಳಬೇಕು. ಇದನ್ನು ವಿನ್ಯಾಸದೋಷವೆಂದು ಕರೆದು ಸುಮ್ಮನಾಗಲು ಬರುವುದಿಲ್ಲ. ಯಾರ ನೆಲೆ ಹೆಸರಿಗೆ ಅರ್ಹ ಎಂಬ ಸಾಮಾಜಿಕ ತೀರ್ಮಾನವೇ ಇಲ್ಲಿ ಫಲಕದ ರೂಪ ತಾಳಿದೆ.

4. ಚಿಹ್ನೆ, ಅಕ್ಷರ, ಅಂಕಿ

ಭಾರತೀಯ ರಸ್ತೆ ಕಾಂಗ್ರೆಸ್ಸು ಸಂಚಾರ ಫಲಕಗಳಿಗಾಗಿ ರೂಪಿಸಿದ ಸಂಹಿತೆ 1977ರಲ್ಲಿ ಪ್ರಕಟವಾಗಿ, ಅನಂತರ ಹಲವು ಬಾರಿ ಪರಿಷ್ಕೃತವಾಗಿದೆ. ಅದರಂತೆ ಆಜ್ಞಾಪಿಸುವ ಫಲಕಗಳು ಸಾಮಾನ್ಯವಾಗಿ ವೃತ್ತಾಕಾರದವು, ಎಚ್ಚರಿಸುವವು ತ್ರಿಕೋನಾಕಾರದವು, ಮಾಹಿತಿ ನೀಡುವವು ಆಯತಾಕಾರದವು. ಅಕ್ಷರ ಬಾರದವನೂ ಆಕಾರದಿಂದಲೇ ಅರ್ಥ ಗ್ರಹಿಸಬೇಕೆಂಬ ಈ ತತ್ತ್ವ ಲಿಂಗಮುದ್ರೆಯ ಕಲ್ಲಿನ ತತ್ತ್ವಕ್ಕೆ ದೂರವಾದುದಲ್ಲ. ಆದರೆ ಚಿಹ್ನೆಯ ಬಾಳಿಕೆ ಅದರ ಬಣ್ಣವನ್ನು ಅವಲಂಬಿಸಿದೆ. ಹಾರ್ನ್ ನಿಷೇಧಿಸುವ ಫಲಕದಲ್ಲಿಯೂ ಹಾರ್ನ್ ಕಡ್ಡಾಯವೆನ್ನುವ ಫಲಕದಲ್ಲಿಯೂ ಇರುವುದು ಅದೇ ಹಾರ್ನಿನ ಚಿತ್ರ. ಒಂದಕ್ಕೆ ಕೆಂಪು ವೃತ್ತ ಮತ್ತು ಅಡ್ಡಗೆರೆ, ಇನ್ನೊಂದಕ್ಕೆ ನೀಲಿ ಹಿನ್ನೆಲೆ. ಬಿಸಿಲಿಗೆ ಕೆಂಪು ಮಾಸಿದ ಫಲಕದಲ್ಲಿ ಉಳಿಯುವುದು ಹಾರ್ನ್ ಮಾತ್ರ; ಬೇಡ ಎಂಬುದು ಅಳಿಸಿಹೋಗಿರುತ್ತದೆ.

ಕನ್ನಡ ಅಕ್ಷರಗಳ ವಿಷಯದಲ್ಲಿ ತೊಂದರೆ ಬೇರೆ ಬಗೆಯದು. ನಮ್ಮ ಲಿಪಿಗೆ ಮೇಲೆ ಗುಣಿತ, ಕೆಳಗೆ ಒತ್ತು. ಅದು ಮೂರು ಅಂತಸ್ತಿನ ಬರಹ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಕೊಟ್ಟಷ್ಟೇ ಎತ್ತರವನ್ನು ಕನ್ನಡದ ಸಾಲಿಗೆ ಕೊಟ್ಟರೆ ಮೂಲಾಕ್ಷರ ಕುಗ್ಗಿ, ಒತ್ತು ಓದಲಾಗದಷ್ಟು ಕಿರಿದಾಗುತ್ತದೆ. ಕನ್ನಡದ ಜೋಡಣೆಯನ್ನು ಅರಿಯದ ತಂತ್ರಾಂಶದಲ್ಲಿ ವಿನ್ಯಾಸ ಮಾಡಿದಾಗ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ನಿಲ್ಲುತ್ತದೆ. ಹೀಗೆ 'ಚಿಕ್ಕ' ಎಂಬುದು 'ಚಿಕ್‌ಕ' ಎಂದಾಗಿ ಮುದ್ರಿತವಾದುದನ್ನು ಕನ್ನಡ ಬಲ್ಲ ಒಬ್ಬರೇ ಒಬ್ಬರು ನೋಡಿದ್ದರೂ ಅದು ಕಾರ್ಖಾನೆಯಿಂದ ಹೊರಬರುತ್ತಿರಲಿಲ್ಲ.

ಅಂಕಿಗಳೂ ದಾರಿ ತಪ್ಪಿಸಬಲ್ಲವು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯನ್ನು ಜನ 48 ಎಂದು ಬಲ್ಲರು. 2010ರ ಮರುಸಂಖ್ಯೆಯಲ್ಲಿ ಆ ದಾರಿ 75 ಆಯಿತು. 48 ಎಂಬ ಸಂಖ್ಯೆ, ಹಿಂದೆ 4 ಎನಿಸಿದ್ದ ಪುಣೆಯ ದಾರಿಗೆ ಹೋಯಿತು. ಹಳೆಯ ಕಲ್ಲನ್ನು ತೆಗೆಯದೆ ಹೊಸ ಫಲಕ ನೆಟ್ಟಲ್ಲೆಲ್ಲ ಒಂದೇ ಅಂಕಿ ಎರಡು ದಿಕ್ಕನ್ನು ಹೇಳುತ್ತದೆ. ಆದಕಾರಣವೇ ನಮ್ಮ ಜನ ಇಂದಿಗೂ ಹೆದ್ದಾರಿಯನ್ನು ಅಂಕಿಯಿಂದಲ್ಲ, 'ಪೂನಾ ರೋಡು', 'ಮಂಗಳೂರು ರೋಡು' ಎಂದು ಅದು ಮುಟ್ಟುವ ಊರಿನಿಂದ ಕರೆಯುತ್ತಾರೆ.

5. ಇದೂ ಜಾನಪದವಲ್ಲವೇ?

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಊರ ಹೆಸರುಗಳು ಕಾಲಾನುಕ್ರಮದಲ್ಲಿ ಬದಲಾಗುತ್ತಲೇ ಬಂದಿವೆ. ಜನಪದ ನಿಷ್ಪತ್ತಿಯೂ ಹೆಸರುಗಳನ್ನು ತಿರುಚಿದೆ. ಹಾಗಿರುವಾಗ ಫಲಕದ 'ಹಲ್ಲಿ'ಯನ್ನೂ ಅಂತಹ ಒಂದು ಬದಲಾವಣೆಯೆಂದು ಏಕೆ ಒಪ್ಪಬಾರದು? ಜಾನಪದ ವಿದ್ವಾಂಸನು ಶುದ್ಧ-ಅಶುದ್ಧಗಳ ಕಾವಲುಗಾರನಾಗಬೇಕೇ?

2024ರಲ್ಲಿ ಕೊಡಗಿನ ಫಲಕವೊಂದು ಪತ್ರಿಕೆಗಳಲ್ಲಿ ಚರ್ಚೆಗೆ ಬಂತು. ಅದರಲ್ಲಿ 'ಅವಸರವೇ ಅಪಘಾತಕ್ಕೆ ಕಾರಣ' ಎಂಬ ಸರಿಯಾದ ಕನ್ನಡದ ಜೊತೆಗೆ 'ಅರ್ಜೆಂಟ್ ಮೇಕ್ ಆ್ಯನ್ ಆಕ್ಸಿಡೆಂಟ್' ಎಂಬ ಇಂಗ್ಲಿಷ್ ಇತ್ತು. ಅಕ್ಷರಶಃ ಓದಿದರೆ ಬೇಗ ಅಪಘಾತ ಮಾಡಿ ಎಂದೇ ಅರ್ಥ. ಆದರೆ 'ಅರ್ಜೆಂಟ್' ಕನ್ನಡದಲ್ಲಿ ಅವಸರವೆಂಬ ನಾಮಪದವಾಗಿ ನೆಲೆಸಿರುವ ಮಾತು. ಆ ಅನುವಾದಕನು ಬರೆದದ್ದು ಕನ್ನಡ ಜನರ ಬಾಯಿಯ ಇಂಗ್ಲಿಷನ್ನು. ಅದರಲ್ಲಿ ಒಂದು ಆಡುನುಡಿಯ ತರ್ಕವಿದೆ. ಅಧ್ಯಯನಕ್ಕೆ ಅದು ಸ್ವಾರಸ್ಯಕರ ವಸ್ತುವೇ. ಆದರೂ ಅಪರಿಚಿತ ತಿರುವಿನಲ್ಲಿ ಹೊರನಾಡಿನ ಚಾಲಕನಿಗೆ ಅದರಿಂದ ಉಪಯೋಗವಿಲ್ಲ. ಸ್ವಾರಸ್ಯವು ದೋಷಕ್ಕೆ ಸಮರ್ಥನೆಯಾಗದು.

ಊರ ಹೆಸರಿನ ಪ್ರಶ್ನೆಗೂ ಉತ್ತರ ಇದೇ ದಿಕ್ಕಿನಲ್ಲಿದೆ. ಜನಪದ ಬದಲಾವಣೆ ಆ ಊರಿನಲ್ಲಿ ಬದುಕಿದವರ ನಾಲಗೆಯ ಮೇಲೆ, ತಲೆಮಾರುಗಳ ಸಮ್ಮತಿಯಿಂದ ಆಗುವಂಥದು. ಫಲಕದ ಬದಲಾವಣೆ ಒಂದೇ ದಿನದಲ್ಲಿ, ಆ ಹೆಸರನ್ನು ಎಂದೂ ಉಚ್ಚರಿಸದವರ ಕೈಯಿಂದ ಆಗುತ್ತದೆ. ಮೊದಲನೆಯದಕ್ಕೆ ಬಳಕೆಯೇ ಅಧಿಕಾರ; ಎರಡನೆಯದಕ್ಕೆ ಸರ್ಕಾರದ ಮುದ್ರೆ ಅಧಿಕಾರ. ಆ ಮುದ್ರೆಯ ಬಲದಿಂದ ತಪ್ಪು ರೂಪ ಬಸ್ಸಿನ ಹಲಗೆಗೆ, ಶಾಲೆಯ ದಾಖಲೆಗೆ, ಮೊಬೈಲ್ ನಕ್ಷೆಗೆ ಹಬ್ಬುತ್ತದೆ. ಕೊನೆಗೆ ಊರಿನ ಮಕ್ಕಳೇ ಅದನ್ನು ಸರಿಯೆಂದು ನಂಬುತ್ತಾರೆ.

6. ಸಮಾರೋಪ

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಂದ ತಿದ್ದುಪಡಿಯು ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂದು ವಿಧಿಸಿದೆ. ಕನ್ನಡದ ಪ್ರಮಾಣದ ಬಗೆಗಿನ ಈ ಕಾಳಜಿ ಅದರ ಸರಿತನದ ಕಡೆಗೂ, ಸರ್ಕಾರವೇ ನೆಡುವ ಫಲಕಗಳ ಕಡೆಗೂ ಹರಿಯಬೇಕಾಗಿದೆ. ಮೋಟಾರು ವಾಹನ ಕಾಯಿದೆಗೆ 2019ರಲ್ಲಾದ ತಿದ್ದುಪಡಿಯು ರಸ್ತೆಯ ವಿನ್ಯಾಸ ಮತ್ತು ನಿರ್ವಹಣೆಯ ಲೋಪಕ್ಕೆ ಅಧಿಕಾರಿ ಹಾಗೂ ಗುತ್ತಿಗೆದಾರರನ್ನು ಹೊಣೆ ಮಾಡಿದೆ. ಅಕ್ಷರದೋಷವನ್ನೂ ಈ ಹೊಣೆಯ ಭಾಗವೆಂದು ಕಾಣುವ ರೂಢಿ ಬೆಳೆಯಬೇಕು.

ಪರಿಹಾರ ದುಬಾರಿಯಾದುದಲ್ಲ. ಗ್ರಾಮನಾಮಗಳ ಪಟ್ಟಿಯನ್ನು ತಾಲ್ಲೂಕುವಾರು ಕನ್ನಡದಲ್ಲಿಯೇ ಸಿದ್ಧಪಡಿಸಿ, ಗ್ರಾಮಸಭೆಯಲ್ಲಿ ಓದಿ ಒಪ್ಪಿಗೆ ಪಡೆದು, ಇತರ ಲಿಪಿಗಳ ರೂಪಗಳನ್ನು ಅದರಿಂದಲೇ ತೆಗೆಯಬೇಕು. ತಾಂಡಾ, ಹಟ್ಟಿ, ಹಾಡಿಗಳು ಆ ಪಟ್ಟಿಯಲ್ಲಿ ಸೇರಬೇಕು. ಈ ಕಾರ್ಯದಲ್ಲಿ ನಮ್ಮ ಪಾಲೂ ಇದೆ. ವಕ್ತೃವಿನ ಊರಿನ ಹೆಸರನ್ನು ಕೇಳಿ ಬರೆದುಕೊಳ್ಳದೆ, ಫಲಕ ನೋಡಿ ಟಿಪ್ಪಣಿಗೆ ಇಳಿಸಿದ ಉದಾಹರಣೆಗಳು ಕ್ಷೇತ್ರಕಾರ್ಯ ಮಾಡಿದವರಲ್ಲಿ ಇಲ್ಲದಿಲ್ಲ. ಈ ಲೇಖಕನ ಹಳೆಯ ಟಿಪ್ಪಣಿಗಳಲ್ಲಿಯೂ ಅಂತಹ ಎರಡು ಹೆಸರುಗಳಿವೆ. ಅವುಗಳನ್ನು ತಿದ್ದಿಕೊಳ್ಳುವುದರಿಂದಲೇ ಕೆಲಸ ಆರಂಭವಾಗಬೇಕು.